ಬೇವಿನ ಮರದ ಕೆಳಗೆ ಮಾರುತಿ 800ರ ಕ್ಲಚ್: ಗೇರ್‌ಬಾಕ್ಸ್ ಎರಡು ಸಲ ಇಳಿಸಿದ ಲೆಕ್ಕ

ಗಾಡಿ 2004ರ ಮಾರುತಿ 800. ಇಂಜೆಕ್ಷನ್ ಮಾಡೆಲ್, ನಾಲ್ಕು ಗೇರು, ಮೀಟರಿನಲ್ಲಿ 1,12,400 ಕಿಲೋಮೀಟರ್. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ಎರಡು ಸಲ ಐದೈದು ವರ್ಷಕ್ಕೆ ಮುಂದುವರಿದಿದೆ. ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ, ಎಂಟು ಮಷಿನ್. ಹಿಂದಿನ ಸೀಟು ಮಡಚಿ ಬಟ್ಟೆ ರೋಲು ತರುವುದು, ಹೊಲಿದ ಪ್ಯಾಂಟಿನ ಗಂಟು ವಾಷಿಂಗ್‌ಗೆ ಒಯ್ಯುವುದು, ಎಲ್ಲಾ ಇದರಲ್ಲೇ. ನಾಲ್ಕು ಜನ ಕೂರಲೆಂದು ಮಾಡಿದ 796 ಸಿಸಿ ಗಾಡಿಗೆ ನಾವು ಹೊರಿಸಿದ್ದು ಹೆಚ್ಚು. ಕ್ಲಚ್ ಸವೆದದ್ದಕ್ಕೆ ಅದೇ ಕಾರಣ, ಅದರಲ್ಲಿ ನನಗೆ ಅನುಮಾನವಿಲ್ಲ.

ಮನೆಯಲ್ಲೇ ಮಾಡಬೇಕು ಅಂದುಕೊಂಡವರಿಗೆ ಉಪಯೋಗವಾಗಲಿ ಎಂದು ತಾರೀಖಿನ ಪ್ರಕಾರ ಬರೆದಿಟ್ಟಿದ್ದೇನೆ. ತಪ್ಪುಗಳನ್ನೂ ಬಿಟ್ಟಿಲ್ಲ.

ಏಪ್ರಿಲ್ 20, ಭಾನುವಾರ

ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೊರಟಿದ್ದೆವು, ಗಾಡಿಯಲ್ಲಿ ಐದು ಜನ. ತೋರಣಗಲ್ಲು ದಾಟುವವರೆಗೆ ಏನೂ ಗೊತ್ತಾಗಲಿಲ್ಲ. ಸಂಡೂರು ಬಿಟ್ಟು ಘಾಟಿ ಏರತೊಡಗಿದ ಮೇಲೆ ಎರಡನೇ ಗೇರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ನಿಂತ ಹಾಗೆ. ಹಿಂದೆ ಲಾರಿ. ಸುಟ್ಟ ವಾಸನೆ ಒಳಗೇ ಬಂತು. ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ತಣಿಸಿ, ಮೂವರನ್ನು ಇಳಿಸಿ, ಮೊದಲನೇ ಗೇರಿನಲ್ಲೇ ಮೇಲೆ ತಲುಪಿದೆ. ವಯಸ್ಸಾದ ಅತ್ತೆಯವರು ಆ ಬಿಸಿಲಲ್ಲಿ ನಡೆದು ಬಂದದ್ದು ನನಗೆ ಬಹಳ ನೋವಾಯಿತು. ಎರಡು ತಿಂಗಳಿಂದ ಕ್ಲಚ್, ಪೆಡಲ್ ಬಹಳ ಮೇಲೆ ಬಂದ ಮೇಲೆಯೇ ಹಿಡಿಯುತ್ತಿತ್ತು, ಅದನ್ನು ನೋಡಿಯೂ ಬಿಟ್ಟಿದ್ದೆ.

ಏಪ್ರಿಲ್ 23

ಮೊದಲು ಕೇಬಲ್. ಪೆಡಲಿನಲ್ಲಿ ಸಡಿಲವೇ ಇರಲಿಲ್ಲ. ಸಡಿಲ ಇಲ್ಲದಿದ್ದರೆ ಕ್ಲಚ್ ಬಿಡಿಸುವ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ಇದ್ದು, ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಪ್ಲೇಟ್ ಚೆನ್ನಾಗಿದ್ದರೂ ಜಾರುತ್ತದೆ. ಗೇರ್‌ಬಾಕ್ಸ್ ಹತ್ತಿರ ಕೇಬಲ್ ಎಳೆಯುವ ಆರ್ಮಿನಲ್ಲಿ ನಟ್ ಸಡಿಲಿಸಿ, ಆರ್ಮಿನ ತುದಿಯಲ್ಲಿ 3 ಮಿಲಿಮೀಟರ್ ಆಟ ಬಿಟ್ಟೆ. ನಂತರ ಪರೀಕ್ಷೆ: ಹ್ಯಾಂಡ್‌ಬ್ರೇಕ್ ಬಿಗಿ ಎಳೆದು, ಮುಂದೆ ಖಾಲಿ ಜಾಗ ಇಟ್ಟುಕೊಂಡು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಟ್ಟೆ. ಕ್ಲಚ್ ಹಿಡಿಯುತ್ತಿದ್ದರೆ ಇಂಜಿನ್ ತಕ್ಷಣ ಆಫ್ ಆಗಬೇಕು. ನನ್ನದು ಐದಾರು ಸೆಕೆಂಡ್ ಓಡಿತು. ಈ ಪರೀಕ್ಷೆ ಒಂದೇ ಸಲ ಸಾಕು. ನಾನು ಖಾತ್ರಿಗೆಂದು ಮೂರು ಸಲ ಮಾಡಿದೆ, ಉಳಿದಿದ್ದನ್ನೂ ಸುಟ್ಟೆ.

ಪರಿಚಯದ ಮೆಕ್ಯಾನಿಕ್ ಬಂದು ಓಡಿಸಿ ನೋಡಿ ಹೇಳಿದ್ದು ಇಷ್ಟೇ: "ಪ್ಲೇಟ್ ಹೋಗೈತೆ ಅಣ್ಣ. ಗೇರ್‌ಬಾಕ್ಸ್ ಇಳಿಸ್ಬೇಕು." ಸಾಮಾನು, ಕೂಲಿ ಸೇರಿ 6,500 ರೂಪಾಯಿ ಅಂದ. ದರ ನ್ಯಾಯವಾದದ್ದೇ. ಆದರೆ ಗಾಡಿ ಮೂರು ದಿನ ಬಿಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಕೆಲಸ ಒಂದು ಸಲ ನನ್ನ ಕೈಯಲ್ಲಿ ಆಗಬೇಕು ಅಂತ ಬಹಳ ದಿನದ ಆಸೆ.

ಏಪ್ರಿಲ್ 27, ಸಾಮಾನು

ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಇರುವ ಸೆಟ್ 2,150. ಕ್ಲಚ್ ಕೇಬಲ್ 320. 80ಡಬ್ಲ್ಯೂ-90 ಗೇರ್ ಆಯಿಲ್ ಲೀಟರಿಗೆ 380ರಂತೆ ಮೂರು, 1,140. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್‌ಶಾಫ್ಟ್ ಕೂರುವಲ್ಲಿನ ಎರಡು ಆಯಿಲ್ ಸೀಲ್ 180, ಹಳೆಯದು ಸೋರುತ್ತಿತ್ತು. ಗ್ರೀಸ್ 60. ಜಾಕ್ ಸ್ಟ್ಯಾಂಡ್ ನಾಲ್ಕು ಮತ್ತು ಟ್ರಾಲಿ ಜಾಕಿ ಎರಡು ದಿನಕ್ಕೆ ಬಾಡಿಗೆ 200. ಬಾಕ್ಸ್ ಪಾನಾ ಸೆಟ್ ಮನೆಯಲ್ಲಿತ್ತು, 10, 12, 14, 17 ಸಾಕಾಯಿತು. ಟಾರ್ಕ್ ಪಾನಾ ಪಕ್ಕದ ಬೀದಿಯ ಬುಲೆಟ್ ಓಡಿಸುವ ಹುಡುಗನದು.

ಅಂಗಡಿಯವನು ಇಂಜಿನ್ ಹಿಂದಿನ ಆಯಿಲ್ ಸೀಲ್ ಬೇಕಾ ಎಂದು ಕೇಳಿದ. 140 ರೂಪಾಯಿ. ಬೇಡ ಅಂದೆ. ಈ ಸಾಲು ನೆನಪಿರಲಿ.

ಮೇ 1, ಗುರುವಾರ: ಬಿಚ್ಚಿದ್ದು

ಕಾರ್ಮಿಕರ ದಿನ, ಯೂನಿಟ್‌ಗೆ ರಜೆ. ನಮ್ಮ ಕಟಿಂಗ್ ಮಾಸ್ಟರ್ ತಾನಾಗಿಯೇ ಸಹಾಯಕ್ಕೆ ಬಂದ. ಮೇ ತಿಂಗಳ ಬಳ್ಳಾರಿಯಲ್ಲಿ ಹತ್ತೂವರೆ ಮೇಲೆ ಹೊರಗೆ ಕಬ್ಬಿಣ ಮುಟ್ಟಲಾಗುವುದಿಲ್ಲ. ಹಾಗಾಗಿ ಬೆಳಗಿನ ಐದೂವರೆಗೆ ಶುರು, ಹತ್ತೂವರೆಗೆ ನಿಲ್ಲಿಸುವುದು, ಮತ್ತೆ ಸಂಜೆ ನಾಲ್ಕೂವರೆಯಿಂದ. ಮನೆ ಮುಂದಿನ ಬೇವಿನ ಮರದ ನೆರಳು ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಮೊದಲನೇ ತಪ್ಪು ಗಾಡಿ ಎತ್ತುವಾಗಲೇ ಆಯಿತು. ನೆಲ ಮೆತ್ತಗಿದೆ, ಸ್ಟ್ಯಾಂಡ್ ಇಳಿಯುತ್ತದೆ ಎಂದು ಕೆಳಗೆ ಕಡಪ ಕಲ್ಲಿನ ತುಂಡು ಹಾಕಿದೆ. ಮನೆ ಕಟ್ಟಿದಾಗ ಉಳಿದದ್ದು, ಗಟ್ಟಿ ಕಾಣುತ್ತದೆ. ಎರಡನೇ ಸ್ಟ್ಯಾಂಡ್ ಮೇಲೆ ಭಾರ ಬಿದ್ದ ಕೂಡಲೇ ಪಟ್ ಎಂದು ಸೀಳಿತು. ಕಡಪ ಕಲ್ಲು ಪದರ ಪದರವಾಗಿರುತ್ತದೆ, ಸ್ಟ್ಯಾಂಡಿನ ನಾಲ್ಕು ಚೂಪು ಕಾಲಿನ ಭಾರ ತಡೆಯುವುದಿಲ್ಲ. ಆಗ ಗಾಡಿ ಕೆಳಗೆ ಯಾರೂ ಇರಲಿಲ್ಲ, ಜಾಕಿಯನ್ನೂ ತೆಗೆದಿರಲಿಲ್ಲ. ಮಾಸ್ಟರ್ ಮುಖ ಬಿಳಿಚಿಕೊಂಡಿತು, ನನಗೂ ಕೈ ನಡುಗಿತು. ಹತ್ತು ನಿಮಿಷ ಸುಮ್ಮನೆ ಕೂತೆವು. ಆಮೇಲೆ ಎರಡು ಇಂಚು ದಪ್ಪದ ಜಾಲಿ ಹಲಗೆ ಹಾಕಿ, ಬಿಚ್ಚಿದ ಎರಡೂ ಚಕ್ರಗಳನ್ನು ಬಾಗಿಲಿನ ಕೆಳಗೆ ಮಲಗಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ನುಗ್ಗಿದ್ದು. ಈ ಬರಹದಲ್ಲಿ ಇನ್ನೇನು ಮರೆತರೂ ಇದನ್ನು ಮರೆಯಬೇಡಿ: ಜಾಕಿಯೊಂದನ್ನೇ ನಂಬಿಯಾಗಲಿ, ಹಾಸುಗಲ್ಲಿನ ಮೇಲೆ ಸ್ಟ್ಯಾಂಡ್ ಇಟ್ಟಾಗಲಿ ಗಾಡಿ ಕೆಳಗೆ ಹೋಗಬೇಡಿ.

ಬಿಚ್ಚಿದ ಕ್ರಮ ಹೀಗಿತ್ತು. ಬ್ಯಾಟರಿಯ ಮೈನಸ್ ಮೊದಲು, ನಂತರ ಬ್ಯಾಟರಿ ಮತ್ತು ಅದರ ತಟ್ಟೆ. ಏರ್ ಫಿಲ್ಟರ್ ಪೈಪು. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರು. ಸ್ಟಾರ್ಟರ್ ಮೋಟರಿನ ಎರಡು ಬೋಲ್ಟು. ಕೆಳಗಿನಿಂದ ಗೇರ್ ಆಯಿಲ್ ಇಳಿಸಿ, ಗೇರ್ ಶಿಫ್ಟ್ ರಾಡು, ಅದರ ಜೊತೆಗಿರುವ ಇನ್ನೊಂದು ರಾಡು. ಬಿಚ್ಚಿದ ಬೋಲ್ಟುಗಳನ್ನು ಹಾಳೆಯ ಮೇಲೆ ಚಿತ್ರ ಬರೆದು ಆಯಾ ಜಾಗಕ್ಕೆ ಚುಚ್ಚಿಟ್ಟೆವು. ಇದು ಮಾಸ್ಟರ್ ಐಡಿಯಾ. ಪ್ಯಾಟರ್ನ್ ಕಾಗದಕ್ಕೆ ಗುರುತು ಹಾಕುವವನಿಗೆ ಇದು ದಿನದ ಕೆಲಸ, ಕೊನೆಯಲ್ಲಿ ಒಂದು ಬೋಲ್ಟೂ ಮಿಕ್ಕಲಿಲ್ಲ.

ಡ್ರೈವ್‌ಶಾಫ್ಟ್ ತೆಗೆಯಲು ಚಕ್ರದ ನಡುವಿನ ದೊಡ್ಡ ನಟ್ ಬಿಚ್ಚಬೇಕಿಲ್ಲ. ಕೆಳಗಿನ ಆರ್ಮಿನ ಬಾಲ್ ಜಾಯಿಂಟ್ ಹಿಡಿದ ಅಡ್ಡ ಬೋಲ್ಟ್ ತೆಗೆದು, ಆರ್ಮನ್ನು ಕೆಳಗೆ ಒತ್ತಿದರೆ ಚಕ್ರದ ಹಬ್ ಹೊರಕ್ಕೆ ವಾಲುತ್ತದೆ. ಬಲಗಡೆಯದು ಟಾಮಿ (ಕಬ್ಬಿಣದ ಸಲಾಕೆ) ಕೊಟ್ಟು ಮೀಟಿದ ಕೂಡಲೇ ಟಕ್ ಎಂದು ಬಂತು. ಎಡಗಡೆಯದು ಒಂದು ಗಂಟೆ ತಿಂದಿತು. ದೊಡ್ಡ ಸ್ಕ್ರೂಡ್ರೈವರ್ ಬಾಗಿತು. ಕೊನೆಗೆ ಪಂಕ್ಚರ್ ಅಂಗಡಿಯಿಂದ ಎರಡು ಲಾರಿ ಟಾಮಿ ತಂದು, ಎದುರುಬದುರು ಕೊಟ್ಟು ಒಟ್ಟಿಗೆ ಮೀಟಿದಾಗ ಬಂತು. ಶಾಫ್ಟ್ ಹಿಡಿದು ಎಳೆಯಲು ಮಾತ್ರ ಹೋಗಬಾರದು, ಒಳಗಿನ ಜಾಯಿಂಟ್ ಕಳಚಿಕೊಂಡು ರಬ್ಬರ್ ಬೂಟು ಹಾಳಾಗುತ್ತದೆ.

ಇಂಜಿನ್ ತೂಗು ಹಾಕುವಲ್ಲಿ ಎರಡನೇ ತಪ್ಪು. ಎಡಗಡೆಯ ಮೌಂಟಿಂಗ್ ಗೇರ್‌ಬಾಕ್ಸಿಗೇ ಇರುವುದರಿಂದ, ಅದನ್ನು ಬಿಚ್ಚಿದರೆ ಇಂಜಿನ್ ವಾಲುತ್ತದೆ. ನಾನು ಇಂಜಿನ್ ತಳದ ಎಣ್ಣೆ ತಟ್ಟೆ, ಅಂದರೆ ಆಯಿಲ್ ಸಂಪಿನ ಕೆಳಗೆ ಜಾಕಿ ಕೊಟ್ಟೆ, ನಡುವೆ ತೆಳ್ಳನೆಯ ಪ್ಲೈವುಡ್ ಚೂರು. ಸಂಪ್ ಒಳಗೆ ಬಗ್ಗಿತು, ಬೆರಳಗಲದಷ್ಟು. ಸೋರುತ್ತಿಲ್ಲ, ಹಾಗೇ ಇದೆ. ಆಮೇಲೆ ಒಂದೂವರೆ ಇಂಚಿನ ಕಬ್ಬಿಣದ ನೀರಿನ ಪೈಪನ್ನು ಬಾನೆಟ್ ಜಾಗದಲ್ಲಿ ಎರಡೂ ಕಡೆಯ ಫೆಂಡರ್ ಒಳಗಿನ ಗಟ್ಟಿ ಅಂಚಿನ ಮೇಲೆ ಅಡ್ಡ ಇಟ್ಟು, ಕೆಳಗೆ ಜೀನ್ಸ್ ಬಟ್ಟೆ ನಾಲ್ಕು ಮಡಿಕೆ ಹಾಕಿ, ಇಂಜಿನ್ ಎತ್ತುವ ಕೊಕ್ಕೆಗೆ ಚೈನು ಕಟ್ಟಿ ತೂಗಿಸಿದೆವು. ಮೊದಲೇ ಮಾಡಬೇಕಾದದ್ದು ಇದು.

ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಸುತ್ತ ಬೋಲ್ಟುಗಳನ್ನು ಬಿಚ್ಚಿ, ಟ್ರಾಲಿ ಜಾಕಿಯ ಮೇಲೆ ಹಲಗೆ ಇಟ್ಟು, ಗೇರ್‌ಬಾಕ್ಸನ್ನು ನೇರವಾಗಿ ಎಡಕ್ಕೆ ಜಾರಿಸಿ ಇಳಿಸಿದಾಗ ಸಂಜೆ ಆರೂಮುಕ್ಕಾಲು. 25 ಕಿಲೋ ಅಕ್ಕಿ ಚೀಲ ಹಿಡಿದ ಹಾಗಿತ್ತು. ಇಬ್ಬರು ಬೇಕೇ ಬೇಕು. ಒಬ್ಬನೇ ಇದ್ದರೆ ಪ್ಲೇಟಿನೊಳಗೆ ಕೂರುವ ಇನ್‌ಪುಟ್ ಶಾಫ್ಟಿನ ಮೇಲೆ ಗೇರ್‌ಬಾಕ್ಸ್ ಜೋತು ಬಿದ್ದು ಪ್ಲೇಟಿನ ನಡುಭಾಗ ಬಗ್ಗುತ್ತದೆ.

ಒಳಗೆ ಕಂಡದ್ದು: ಪ್ಲೇಟಿನಲ್ಲಿ ರಿವೆಟ್ ತಲೆಯ ಮೇಲೆ ಉಳಿದದ್ದು ವರ್ನಿಯರ್‌ನಲ್ಲಿ 0.2 ಮಿಲಿಮೀಟರ್. ಕೈಪಿಡಿ ಪ್ರಕಾರ 0.5ಕ್ಕೆ ಬಂದರೇ ಬದಲಿಸಬೇಕು. ಒಂದು ಕಡೆ ರಿವೆಟ್ ಫ್ಲೈವೀಲಿಗೆ, ಅಂದರೆ ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ ಕಡೆಯ ಭಾರದ ಚಕ್ರಕ್ಕೆ, ತಾಗಿ ಉಂಗುರದಂತೆ ಗೀರು ಬಿದ್ದಿತ್ತು. ಅಲ್ಲಲ್ಲಿ ನೀಲಿ ಕಲೆ, ಕಾದು ಬಂದದ್ದು. ಹೌಸಿಂಗಿನ ತಳದಲ್ಲಿ ಎಣ್ಣೆ ಮತ್ತು ಕೆಂಪು ಧೂಳು ಕಲಸಿ ಕುಂಕುಮದ ಮುದ್ದೆಯಂತೆ ಅಂಟಿತ್ತು. ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ತಿರುಗುವ ಯಾವ ಗಾಡಿಯ ಕೆಳಗೆ ನೋಡಿದರೂ ಇದು ಸಿಗುತ್ತದೆ. ಡ್ರೈವ್‌ಶಾಫ್ಟ್ ಸೀಲ್ ಹೇಗೂ ಸೋರುತ್ತಿತ್ತಲ್ಲ, ಇದು ಅದೇ ಗೇರ್ ಆಯಿಲ್ ಎಂದುಕೊಂಡು ಒರೆಸಿಬಿಟ್ಟೆ.

ಮೂಸಿ ನೋಡಬೇಕಿತ್ತು. ಗೇರ್ ಆಯಿಲ್‌ಗೆ ಗಂಧಕದ ಘಾಟು ವಾಸನೆ, ಒಮ್ಮೆ ಕೈಗೆ ಹತ್ತಿದರೆ ಊಟದವರೆಗೂ ಬಿಡುವುದಿಲ್ಲ. ಇಂಜಿನ್ ಆಯಿಲ್ ಕಪ್ಪು, ತೆಳು, ವಾಸನೆ ಬೇರೆ. ಎರಡು ಸೆಕೆಂಡಿನ ಕೆಲಸ.

ಮೇ 4, ಭಾನುವಾರ: ಜೋಡಿಸಿದ್ದು

ಫ್ಲೈವೀಲ್ ಬಿಚ್ಚಲಿಲ್ಲ. ಗೀರಿನ ಮೇಲೆ 120 ನಂಬರಿನ ಎಮರಿ ಕಾಗದ ತಿಕ್ಕಿ, ಪೆಟ್ರೋಲ್ ಹಾಕಿ ಜೀನ್ಸ್ ಚಿಂದಿಯಿಂದ ಒರೆಸಿದೆ. ಯೂನಿಟ್‌ನಲ್ಲಿ ಚಿಂದಿಗೆ ಬರವಿಲ್ಲ. ಆದರೆ ಕತ್ತರಿಸಿದ ಅಂಚಿನಿಂದ ನೂಲಿನ ಎಳೆ ಬಿಟ್ಟುಕೊಂಡು ಫ್ಲೈವೀಲಿಗೆ ಅಂಟುತ್ತದೆ. ಹಳೆಯ ಪಂಚೆ ತಂದು ಮತ್ತೆ ಒರೆಸಬೇಕಾಯಿತು. ಒರೆಸಲು ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯದಿಲ್ಲ.

ಡ್ರೈವ್‌ಶಾಫ್ಟ್ ಸೀಲ್ ಎರಡೂ ಹೊಸದು. ಬೇರಿಂಗ್ ತಳ್ಳುವ ಫೋರ್ಕಿಗೆ ಹೊಸದನ್ನು ಕೂರಿಸಿ, ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸವರಿ ಹೆಚ್ಚಿದ್ದನ್ನು ಒರೆಸಿದೆ. ಪ್ಲೇಟಿನಲ್ಲಿ ಸ್ಪ್ರಿಂಗ್ ಇರುವ ಉಬ್ಬು ಭಾಗ ಗೇರ್‌ಬಾಕ್ಸ್ ಕಡೆಗೆ ಬರಬೇಕು. ಬಿಚ್ಚುವಾಗಲೇ ಫೋಟೋ ತೆಗೆದಿದ್ದೆ.

ಪ್ಲೇಟನ್ನು ನಡುವಿಗೆ ತರುವುದೇ ಈ ಕೆಲಸದ ಜೀವಾಳ. ಕಸಬರಿಗೆಯ ಮರದ ಕೋಲಿಗೆ ಇನ್ಸುಲೇಷನ್ ಟೇಪ್ ಸುತ್ತಿ ದಪ್ಪ ಮಾಡಿ ತೂರಿಸಿದೆ. ಕಣ್ಣಿಗೆ ಸರಿ ಕಂಡಿತು. ಗೇರ್‌ಬಾಕ್ಸ್ ಎತ್ತಿ ಕೂರಿಸಲು ಹೋದರೆ ಬೆರಳು ತೂರುವಷ್ಟು ಸಂದು ಬಿಟ್ಟು ನಿಂತಿತು. ಜಾಕಿ ಏರಿಸಿ ನೋಡಿದೆವು, ಇಳಿಸಿ ನೋಡಿದೆವು, ಗೇರಿಗೆ ಹಾಕಿ ಕ್ರ್ಯಾಂಕ್ ಪುಲ್ಲಿಯನ್ನು ಪಾನಾದಿಂದ ಚೂರು ಚೂರು ತಿರುಗಿಸಿದೆವು. ಒಂದೂವರೆ ಗಂಟೆ ಆದರೂ ಕೂರಲಿಲ್ಲ. ಬೇಸತ್ತು ಎರಡು ಬೋಲ್ಟು ಹಾಕಿ ಎಳೆದು ಕೂರಿಸೋಣ ಎಂದು ಬಿಗಿ ಮಾಡತೊಡಗಿದೆ. ಕಟ್ ಎಂದು ಸಣ್ಣ ಸದ್ದು ಬಂತು, ಕೈ ನಿಂತಿತು. ಹೌಸಿಂಗ್ ಅಲ್ಯೂಮಿನಿಯಂ, ಕಿವಿ ಸೀಳಿದರೆ ಮುಗಿಯಿತು. ಟಾರ್ಚ್ ಹಾಕಿ ಸುತ್ತಲೂ ನೋಡಿದೆ, ಸೀಳಿರಲಿಲ್ಲ.

ಗೇರ್‌ಬಾಕ್ಸ್ ಮತ್ತೆ ಇಳಿಸಿ, ಗುಜರಿ ಅಂಗಡಿಗೆ ಹೋಗಿ 800ರ ಹಳೆಯ ಇನ್‌ಪುಟ್ ಶಾಫ್ಟ್ ಹುಡುಕಿ ತಂದೆ, 150 ರೂಪಾಯಿ. ಅದನ್ನು ಪ್ಲೇಟಿನೊಳಗೆ ತೂರಿಸಿದ ಕೂಡಲೇ ಗೊತ್ತಾಯಿತು: ಕೋಲು ಒತ್ತಡಕ್ಕೆ ಮಣಿದು ಪ್ಲೇಟ್ ಎರಡು ಮಿಲಿಮೀಟರ್ ಕೆಳಗೆ ಜಾರಿತ್ತು. ಪ್ರೆಷರ್ ಪ್ಲೇಟ್ ಬೋಲ್ಟುಗಳನ್ನು ಸಡಿಲಿಸಿ, ಶಾಫ್ಟ್ ಹಾಕಿಟ್ಟು, ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿ ಮಾಡಿ, ಕೊನೆಗೆ ಟಾರ್ಕ್ ಪಾನಾದಲ್ಲಿ 23 ನ್ಯೂಟನ್ ಮೀಟರಿಗೆ ತಂದೆ. ಈ ಸಲ ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದಾಗಲೇ ಸರ್ರನೆ ಹೋಗಿ ಕೂತಿತು. ಬೋಲ್ಟ್ ಕೆಲಸ ಬಿಗಿ ಮಾಡುವುದು ಮಾತ್ರ, ಎಳೆದು ಕೂರಿಸುವುದಲ್ಲ.

ಮಿಕ್ಕದ್ದು ಬಿಚ್ಚಿದ ಕ್ರಮದ ಉಲ್ಟಾ. ಡ್ರೈವ್‌ಶಾಫ್ಟ್ ತಳ್ಳುವಾಗ ಒಳಗಿನ ರಿಂಗ್ ಕೂತ ಟಕ್ ಸದ್ದು ಬರಲೇಬೇಕು, ಸೀಲಿನ ತುಟಿ ಮಡಚದ ಹಾಗೆ ನೋಡಬೇಕು. ಗೇರ್ ಆಯಿಲನ್ನು ಲೆವೆಲ್ ತೂತಿನಿಂದ ಹೊರಗೆ ಬರುವ ತನಕ ಸುರಿದೆ. ಹೊಸ ಕೇಬಲ್, ಆರ್ಮಿನಲ್ಲಿ 3 ಮಿಲಿಮೀಟರ್, ಪೆಡಲಿನಲ್ಲಿ ಸುಮಾರು 20. ರಾತ್ರಿ ಒಂಬತ್ತಕ್ಕೆ ಸ್ಟಾರ್ಟ್. ರಿವರ್ಸ್ ಸದ್ದಿಲ್ಲದೆ ಬಿತ್ತು. ಮಾಸ್ಟರ್‌ನನ್ನು ಕೂರಿಸಿಕೊಂಡು ಮೋತಿ ಸರ್ಕಲ್ ತನಕ ಹೋಗಿ ಬಂದೆ. ಬೆಣ್ಣೆಯಂಥ ಪೆಡಲ್. ಎರಡು ದಿನದ ಒಟ್ಟು ಕೆಲಸ ಹದಿನೆಂಟು ಗಂಟೆ.

ಮೇ 10, ಶನಿವಾರ

ಓಡಿದ್ದು 140 ಕಿಲೋಮೀಟರ್. ಹಿಂದಿನ ದಿನವೇ ಮೊದಲನೇ ಗೇರಿನಲ್ಲಿ ಹೊರಡುವಾಗ ಗಾಡಿ ಗಡಗಡ ನಡುಗುತ್ತಿತ್ತು. ಹೊಸ ಪ್ಲೇಟು, ಪಳಗಬೇಕು ಎಂದುಕೊಂಡೆ. ಶನಿವಾರ ಮಾಲು ತುಂಬಿ ಹೊರಟಾಗ ಮೂರನೇ ಗೇರಿನಲ್ಲಿ ಜಾರಿತು. ಮನೆಗೆ ತಂದು ಕೆಳಗೆ ಬಗ್ಗಿದರೆ ಹೌಸಿಂಗಿನ ಕೆಳಗಿನ ಅಂಚಿನಲ್ಲಿ ಎಣ್ಣೆಯ ಹನಿ. ಬೆರಳಿಗೆ ತೆಗೆದು ಮೂಸಿದೆ. ಗಂಧಕದ ವಾಸನೆ ಇಲ್ಲ. ಇಂಜಿನ್ ಆಯಿಲ್.

ಆ ರಾತ್ರಿ ಊಟ ಸೇರಲಿಲ್ಲ. ಇಂಜಿನ್ ಆಯಿಲ್ ಕ್ಲಚ್ ಕಡೆ ಸೋರದಂತೆ ತಡೆಯುವುದು ಅಂಗಡಿಯಲ್ಲಿ ಬೇಡ ಅಂದಿದ್ದ ಆ ಹಿಂದಿನ ಸೀಲೇ. ಗೇರ್‌ಬಾಕ್ಸ್ ಕೆಳಗಿದ್ದಾಗ ಅದು ನನ್ನ ಕಣ್ಣಿನಿಂದ ಒಂದು ಅಡಿ ದೂರದಲ್ಲಿತ್ತು.

ಮೇ 11, ಭಾನುವಾರ: ಎರಡನೇ ಸಲ

ಗೇರ್‌ಬಾಕ್ಸ್ ನೆಲಕ್ಕೆ ಬರಲು ಈ ಸಲ ಮೂರು ಗಂಟೆ ಹತ್ತು ನಿಮಿಷ. ಕೈಗೆ ದಾರಿ ಗೊತ್ತಾಗಿತ್ತು. ಗೇರ್ ಆಯಿಲನ್ನು ತೊಳೆದ ಕ್ಯಾನಿನಲ್ಲಿ ಹಿಡಿದಿಟ್ಟು ಅದನ್ನೇ ಮತ್ತೆ ಹಾಕಿದೆ.

ಪ್ಲೇಟಿನ ಫ್ಲೈವೀಲ್ ಕಡೆಯ ಮುಖ ಎಣ್ಣೆಯಿಂದ ಹೊಳೆಯುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದು ಬೆಂಕಿಗೆ ಹಿಡಿದರೆ ಆಗುತ್ತದೆ ಎಂದು ಇಬ್ಬರು ಹೇಳಿದರು. ಮಾಡಲಿಲ್ಲ. ಎಣ್ಣೆ ಒಳಗೆ ಹೀರಿಕೊಂಡಿರುತ್ತದೆ, ಕಾದಾಗ ಮತ್ತೆ ಮೇಲೆ ಬರುತ್ತದೆ. ಪ್ಲೇಟ್ ಒಂದೇ ಹೊಸದು ತಂದೆ, 950. ಪ್ರೆಷರ್ ಪ್ಲೇಟನ್ನು ಬ್ರೇಕ್ ಕ್ಲೀನರ್ ಇಲ್ಲದ್ದರಿಂದ ಪೆಟ್ರೋಲಿನಲ್ಲೇ ತೊಳೆದು ಪಂಚೆಯಿಂದ ಒರೆಸಿ ಉಳಿಸಿಕೊಂಡೆ.

ಫ್ಲೈವೀಲಿಗೂ ಕ್ರ್ಯಾಂಕಿಗೂ ಸೆಂಟರ್ ಪಂಚಿನಲ್ಲಿ ಗುರುತು ಹಾಕಿ, ರಿಂಗ್ ಗೇರಿನ ಹಲ್ಲಿಗೆ ಟಾಮಿ ಸಿಕ್ಕಿಸಿ ಬೋಲ್ಟ್ ಬಿಚ್ಚಿದೆ. ಹಿಂದಿನ ಸೀಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ತುಟಿಯಲ್ಲಿ ಎರಡು ಕಡೆ ಬಿರುಕು. ಇಪ್ಪತ್ತು ಬೇಸಿಗೆಯ ಕಾವು ಕಂಡ ರಬ್ಬರ್. ಕ್ರ್ಯಾಂಕಿನ ಮೈಗೆ ಗೀರು ಬೀಳದ ಹಾಗೆ ಸ್ಕ್ರೂಡ್ರೈವರ್ ತುದಿಗೆ ಟೇಪ್ ಸುತ್ತಿ ಮೀಟಿ ತೆಗೆದೆ. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಅಷ್ಟೇ ಅಗಲದ ಹಳೆಯ ಬೇರಿಂಗ್ ರಿಂಗ್ ಇಟ್ಟು, ಸುತ್ತಲೂ ಸಮನಾಗಿ ಸುತ್ತಿಗೆಯಿಂದ ತಟ್ಟಿ ಕೂರಿಸಿದೆ. ಅರ್ಧ ಗಂಟೆಯ ಕೆಲಸ. ಅದೇ 140 ರೂಪಾಯಿಯ ಸೀಲ್.

ಫ್ಲೈವೀಲನ್ನು ಲೇತ್ ಅಂಗಡಿಗೆ ಒಯ್ದು ಅದರ ಮುಖ ಸಮತಟ್ಟು ಮಾಡಿಸಿದೆ, 350. ಭಾನುವಾರ ಅಂಗಡಿ ತೆರೆಸಿದ್ದಕ್ಕೆ ಹೆಚ್ಚು ಕೇಳಲಿಲ್ಲ, ಅವರ ಉಪಕಾರ. ನನ್ನ ಎಮರಿ ಕಾಗದದ ಕೆಲಸ ನೋಡಿ ಹಿರಿಯ ಟರ್ನರ್, "ಕೈಲಿ ತಿಕ್ಕಿದ್ರೆ ತಗ್ಗುದಿನ್ನೆ ಹಂಗೇ ಇರ್ತಾವೆ" ಅಂದರು. ನಡುಕಕ್ಕೆ ಅದೂ ಒಂದು ಕಾರಣ ಇರಬೇಕು. ಸ್ಟ್ಯಾಂಡ್ ಬಾಡಿಗೆ ಮತ್ತೆ 100.

ಗುಜರಿಯ ಶಾಫ್ಟ್ ಇದ್ದದ್ದರಿಂದ ಗೇರ್‌ಬಾಕ್ಸ್ ಮೊದಲ ಯತ್ನದಲ್ಲೇ ಕೂತಿತು. ಬೆಳಗಿನಿಂದ ಸಂಜೆಗೆ ಒಟ್ಟು ಒಂಬತ್ತು ಗಂಟೆ.

ಖರ್ಚು

ಮೊದಲ ಸಲ 4,200. ಎರಡನೇ ಸಲ 1,540. ಕೂಡಿದರೆ 5,740. ಮೆಕ್ಯಾನಿಕ್ ಹೇಳಿದ 6,500ಕ್ಕೆ ಹೋಲಿಸಿದರೆ ಉಳಿದದ್ದು 760 ರೂಪಾಯಿ, ಹೋದದ್ದು ಮೂರು ರಜೆ. ದುಡ್ಡು ಉಳಿಸಲೆಂದು ಮಾತ್ರ ಇದಕ್ಕೆ ಕೈ ಹಾಕುವುದಾದರೆ ಬೇಡ. ಗೇರ್‌ಬಾಕ್ಸ್ ಒಮ್ಮೆ ಇಳಿಸಿದರೆ ಹಿಂದಿನ ಸೀಲ್, ಡ್ರೈವ್‌ಶಾಫ್ಟ್ ಸೀಲ್, ಬೇರಿಂಗ್, ಕೇಬಲ್ ಎಲ್ಲಾ ಒಟ್ಟಿಗೆ ಹೊಸದು ಹಾಕಬೇಕು, ಫ್ಲೈವೀಲ್ ಲೇತಿಗೆ ಹೋಗಬೇಕು. ನೋಡೋಣ ಎಂದು ಬಿಡುವಂಥದ್ದು ಅಲ್ಲಿ ಒಂದೂ ಇಲ್ಲ.

ಜೂನ್ 15, ಭಾನುವಾರ

ಎರಡನೇ ಜೋಡಣೆಯಿಂದ ಇಲ್ಲಿಗೆ 610 ಕಿಲೋಮೀಟರ್. 50ಕ್ಕೆ ಚಕ್ರದ ನಟ್ಟು, ಬಾಲ್ ಜಾಯಿಂಟ್ ಬೋಲ್ಟು ಮತ್ತೆ ಪರೀಕ್ಷಿಸಿದೆ. 400ರ ಹೊತ್ತಿಗೆ ಪೆಡಲಿನ ಆಟ ಸ್ವಲ್ಪ ಕಡಿಮೆಯಾಗಿತ್ತು, ಕೇಬಲ್ ನಟ್ ಒಂದು ಸುತ್ತು ಸಡಿಲಿಸಿದೆ. ಇವತ್ತು ಅದೇ ಐದು ಜನ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿ ಬಂದೆವು. ಘಾಟಿಯನ್ನು ಎರಡನೇ ಗೇರಿನಲ್ಲಿ ಏರಿತು, ಯಾರೂ ಇಳಿಯಬೇಕಾಗಲಿಲ್ಲ, ವಾಸನೆ ಇಲ್ಲ. ಅತ್ತೆಯವರು ಪಾರ್ವತಿ ಗುಡಿಯ ಮುಂದೆ ಗಾಡಿಗೂ ಒಂದು ಕಾಯಿ ಒಡೆಸಿದರು.

ವಾಪಸು ಬಂದು ಗಾಡಿ ನಿಲ್ಲಿಸಿದ ಮೇಲೆ ಹೌಸಿಂಗ್ ಕೆಳಗೆ ರಟ್ಟು ಹಾಸಿದ್ದೇನೆ. ತಿಂಗಳಿಂದ ಪ್ರತಿ ಭಾನುವಾರ ಹಾಸುತ್ತಿದ್ದೇನೆ. ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ, ಒಂದು ಹನಿಯೂ ಇಲ್ಲ.